ಮುಟ್ಟಿ ಕೇಳುವ ತಂತಿ

ನಾನು ಒಂದು ಪ್ಲಾಟಿನಂ ತಂತಿ. ಕುದುರೆಯ ಬಾಲದ ಕೂದಲಿನಷ್ಟು ದಪ್ಪ, ಕಿರುಬೆರಳಿನಷ್ಟೂ ಉದ್ದವಿಲ್ಲ. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ, ಮುಪ್ಪು ಏಕೆ ಬರುತ್ತದೆಂದು ಹುಡುಕುವ ಪ್ರಯೋಗಾಲಯದಲ್ಲಿ ಹುಟ್ಟಿದೆ. ಹುಟ್ಟಿಸಿದವರು ಹಂಚಿನಮನಿ ಸರ್. ಆಗ ಅವರು ಕಪ್ಪು ಕೂದಲಿನ ಹೊಸ ಮೇಷ್ಟ್ರು. ಗಾಜಿನ ಕೊಳವೆಯ ತುದಿಯನ್ನು ಉರಿಯಲ್ಲಿ ಕರಗಿಸಿ ನನ್ನನ್ನು ಅದರಲ್ಲಿ ನೆಟ್ಟರು. ಪುಟ್ಟ ಸುತ್ತಿಗೆಯಿಂದ ತಟ್ಟಿ ನನ್ನ ಮೂತಿಯನ್ನು ಸಟ್ಟುಗದಂತೆ ಚಪ್ಪಟೆ ಮಾಡಿದರು.

ನನ್ನ ಕೆಲಸ ಒಂದೇ. ಅಲ್ಲಿ ತಟ್ಟೆಗಳಲ್ಲಿ ಹರಡಿದ ಜೆಲ್ಲಿಯಂಥ ಮೆದು ಪದರದ ಮೇಲೆ ಹುಳಗಳನ್ನು ಸಾಕುತ್ತಾರೆ. ಬರಿಗಣ್ಣಿಗೆ ಅವು ಅಲ್ಪವಿರಾಮದಷ್ಟು. ಕೆಲವೇ ವಾರಗಳಲ್ಲಿ ಅವುಗಳ ಬಾಲ್ಯ, ಯೌವನ, ಮುಪ್ಪು ಎಲ್ಲ ಮುಗಿಯುತ್ತದೆ. ಅಲುಗಾಡದೆ ಬಿದ್ದ ಹುಳವನ್ನು ಸೂಕ್ಷ್ಮದರ್ಶಕದ ಕೆಳಗೆ ನಾನು ಮೆಲ್ಲಗೆ ಮುಟ್ಟಬೇಕು. ಮಿಸುಕಿದರೆ ಬದುಕಿದೆ, ಇಲ್ಲವಾದರೆ ಸತ್ತಿದೆ. ಸೋಂಕು ತಗಲದಂತೆ ದೀಪದ ಉರಿಯಲ್ಲಿ ಕೆಂಪಗೆ ಕಾದು, ಆರಿ, ಆಮೇಲೆಯೇ ಮುಟ್ಟುತ್ತಿದ್ದೆ. ಆದರೂ ಅನುಮಾನ ಬಿಡುತ್ತಿರಲಿಲ್ಲ. ಸರಿಯಾಗಿ ಕೇಳಿದೆನೇ? ಅದಕ್ಕಿನ್ನೂ ಜೀವವಿತ್ತೇನೋ?

ಶಿಷ್ಯರು ಬಂದರು, ಹೋದರು. ಯಾರಾದರೂ ಒರಟಾಗಿ ಚುಚ್ಚಿದರೆ ಸರ್, "ಅದು ಮುದುಕ ಆಗೇದ. ಮನ್ಯಾಗ ಅಜ್ಜನ್ನ ಎಬ್ಬಿಸಿದಂಗ ಎಬ್ಬಸ್ರಿ" ಎನ್ನುತ್ತಿದ್ದರು.

ಅವರ ನಿವೃತ್ತಿ ಹತ್ತಿರವಾದಾಗ ಮುಪ್ಪನ್ನು ಮುಂದೂಡಬಹುದೆಂಬ ಒಂದು ಬೇರಿನ ಔಷಧ ಪರೀಕ್ಷೆಗೆ ಬಂತು. ತಬಸ್ಸುಮ್ ನದಾಫ್ ಎಂಬ ಸಂಶೋಧನಾ ವಿದ್ಯಾರ್ಥಿನಿಯ ಪಿಎಚ್.ಡಿ. ಅದರ ಮೇಲೆಯೇ ನಿಂತಿತ್ತು. ಎಲ್ಲ ತಟ್ಟೆಗಳನ್ನೂ ಒಂದೇ ಕೈ ನೋಡಬೇಕೆಂಬುದು ನಿಯಮ. ಆದರೆ ಸರ್ ಆಸೆ ತಡೆಯಲಾರದೆ ಔಷಧ ಹಾಕಿದ ತಟ್ಟೆಗಳನ್ನು ತಾವಿಟ್ಟುಕೊಂಡು, ಹಾಕದವುಗಳನ್ನು ಅವಳಿಗೆ ಬಿಟ್ಟರು. ಅವಳಿಗೆ ಬೇರೊಂದು ತಂತಿಯಿತ್ತು.

ಅವಳ ಹುಳಗಳು ಹೊತ್ತಿಗೆ ಸರಿಯಾಗಿ ಸತ್ತವು. ಸರ್ ಹುಳಗಳು ಬದುಕಿಯೇ ಇದ್ದವು. ಪ್ರಯೋಗಾಲಯದಲ್ಲಿ ಹಬ್ಬದ ಕಳೆ ಬಂತು. "ಸರ್ ಕೈಯಾಗಿನ ಹುಳ ಸಾಯಂಗಿಲ್ಲ ಬಿಡವಾ, ಯಮನೂ ಅವರ ಶಿಷ್ಯಾನ ಇರಬೇಕು" ಎಂದು ಜೊತೆಗಾರ ಈರಪ್ಪ ಹಾಸ್ಯ ಮಾಡಿದ. ಆ ವರ್ಷವೇ ಪದವಿ ಸಿಗುತ್ತದೆಂದು ತಬಸ್ಸುಮ್ ಮನೆಯಲ್ಲಿ ಹೇಳಿಬಿಟ್ಟಳು.

ನನಗೆ ಮಾತ್ರ ತಿಳಿದಿತ್ತು. ಸರ್ ಬೆರಳೊಳಗೆ ನಡುಕ ಸೇರಿತ್ತು. ಹೊರಗಿನ ಕಣ್ಣಿಗೆ ಕಾಣದಷ್ಟು ಸಣ್ಣದು, ಮಸೂರದ ಕೆಳಗೆ ದೊಡ್ಡದು. ನಾನು ಮುಟ್ಟುತ್ತಿದ್ದುದು ಸತ್ತ ಹುಳವನ್ನು. ನನ್ನ ನಡುಕಕ್ಕೆ ಅದರ ಮೈ ಅಲುಗುತ್ತಿತ್ತು. "ಬದುಕೇದ" ಎನ್ನುತ್ತಿದ್ದರು ಸರ್. ತಂತಿಗೆ ಬಾಯಿಲ್ಲ.

ಒಂದು ಬೆಳಿಗ್ಗೆ ತಬಸ್ಸುಮ್ ಅದೇ ಸೂಕ್ಷ್ಮದರ್ಶಕಕ್ಕೆ ಶಿಷ್ಯರು ನೋಡಲೆಂದು ಜೋಡಿಸಿದ್ದ ಪಕ್ಕದ ಮಸೂರದಲ್ಲಿ ನಮ್ಮನ್ನು ನೋಡಿದಳು. ಊಟದ ಬಿಡುವಿನಲ್ಲಿ ನನ್ನನ್ನೇ ಹಿಡಿದು ಸರ್ ತಟ್ಟೆಗಳನ್ನು ಮುಟ್ಟಿದಳು. ಒಂದು ಹುಳವೂ ಮಿಸುಕಲಿಲ್ಲ. ಅವಳ ಊಟದ ಡಬ್ಬಿ ತೆರೆಯದೆ ಮನೆಗೆ ಹೋಯಿತು. ಸುಮ್ಮನಿದ್ದರೆ ಅವಳಿಗೆ ಪದವಿ, ಅವರಿಗೆ ಗೌರವದ ವಿದಾಯ. ಹೇಳಿದರೆ ಎರಡೂ ಇಲ್ಲ.

ಮರುದಿನ ಅವಳು ಖಾಲಿ ತಟ್ಟೆಯೊಂದನ್ನು ಅವರ ಮುಂದಿಟ್ಟಳು.

"ಸರ್, ಇದರಾಗ ಹುಳ ಇಲ್ಲ. ಬರೇ ತಂತಿ ಹಿಡದು ನೋಡ್ರಿ."

ಸರ್ ನಗುತ್ತಲೇ ಕಣ್ಣಿಟ್ಟರು. ನಗು ನಿಂತಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದರು. ಒಂದು ಗಳಿಗೆ ಅಲುಗದೆ ನಿಲ್ಲಬೇಕೆಂದು ನಾನೂ ಬಹಳ ಬಯಸಿದೆ. ಆಗಲಿಲ್ಲ.

ತಲೆಯೆತ್ತದೆಯೇ, "ನಿನ್ನ ಪಿಎಚ್.ಡಿ. ಹೋತಲ್ಲವಾ" ಎಂದರು.

"ಇನ್ನೊಮ್ಮಿ ಮಾಡ್ತೀನ್ರಿ. ಎರಡೂ ನಮೂನಿ ತಟ್ಟಿ ನಾನ ನೋಡ್ತೀನಿ."

ಅವರು ನನ್ನನ್ನು ಅವಳ ಅಂಗೈಯಲ್ಲಿಟ್ಟರು.

ಎರಡನೆಯ ಸಲ ಔಷಧದ ಹುಳಗಳೂ ಉಳಿದವುಗಳ ಜೊತೆಗೇ ಸತ್ತವು. ಔಷಧ ಫಲಿಸಲಿಲ್ಲವೆಂದೇ ಅವಳು ಬರೆದಳು. ಪದವಿ ತಡವಾಗಿ ಸಿಕ್ಕಿತು. ಈಗ ಅವಳು ಅಲ್ಲಿಯೇ ಪಾಠ ಹೇಳುತ್ತಾಳೆ. ಉರಿಯಲ್ಲಿ ಬೆಂದು ಬೆಂದು ಸವೆದ ನಾನು ಕಿಟಕಿಯ ಬಳಿಯ ಗಾಜಿನ ಲೋಟದಲ್ಲಿದ್ದೇನೆ. ಬದುಕಿದ್ದೀಯಾ ಎಂದು ಎಷ್ಟೋ ಜೀವಗಳನ್ನು ಮುಟ್ಟಿ ಕೇಳಿದೆ. ನನ್ನನ್ನು ಹಿಡಿದವರನ್ನು ಕೇಳುವುದು ನನ್ನಿಂದಾಗಲಿಲ್ಲ, ಅದನ್ನು ಅವಳು ಕೇಳಿದಳು. ನೋಯಿಸದೆ ಕೇಳಿದಳೆಂದು ಹೇಳಲಾರೆ.

ಸರ್ ಆಗಾಗ ಬರುತ್ತಾರೆ, ನನ್ನತ್ತ ನೋಡುತ್ತಾರೆ, ಮುಟ್ಟುವುದಿಲ್ಲ. ತಬಸ್ಸುಮ್ ಅವರಿಗೆ ಚಹಾ ಬಗ್ಗಿಸುವಾಗ ಅರ್ಧ ಕಪ್ಪಿಗೇ ನಿಲ್ಲಿಸುತ್ತಾಳೆ. ಅದು ಮುಗಿದ ಮೇಲೆ ಉಳಿದರ್ಧ ಹಾಕುತ್ತಾಳೆ.