ಕತ್ತರಿಯಜ್ಜಿಯ ಕೈಗುಣ

"ಕೀಲಿ ಎಲ್ಲಿಟ್ಟಿದ್ದೀಯೇ?" ಎಂದು ಮಾವ ಮತ್ತೆ ಕೇಳಿದಾಗ ಎಡಚಿ ಅಜ್ಜಿಯ ಕಾಲಿಗೆ ಕಾಲುಚೀಲ ತೊಡಿಸುತ್ತಿದ್ದಳು. ಬಲಗಾಲಿಗೆ ಹಾಕಿಯಾಗಿತ್ತು. ಎಡಗಾಲಿನದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡು ಮುಂದೆ ಹೋಗಲೊಲ್ಲದು. ಬದುಕಿದ್ದಾಗಲೂ ಆ ಕಾಲು ಹೀಗೇ ಸತಾಯಿಸುತ್ತಿತ್ತು.

"ಯಾವ ಕೀಲಿ ಮಾವ?"

"ಯಾವುದು ಅಂದ್ರೆ? ಅಂಗಡೀದು. ಪಕ್ಕದ ಚಪ್ಪಲಿ ಅಂಗಡಿಯವನು ಮಣ್ಣಿಗೆ ಬರ್ತಾನಲ್ಲ, ಹಾಗೇ ಮನೆಗೂ ಬಂದು ಇಸ್ಕೊಂಡು ಹೋಗ್ತಾನೆ. ಮಾತುಕತೆ ಆಗಿದೆ. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡ್ಕೋತಾನಂತೆ. ನಾಳೆ ನಾನು ಊರಿಗೆ ಹೊರಟ್ರೆ ಮತ್ತೆ ಬರೋದು ಯಾವಾಗಲೋ ಏನೋ."

"ಹೆಣ ಇನ್ನೂ ಮನೇಲಿದೆ, ಕೀಲಿಯಂತೆ ಕೀಲಿ!" ಎಂದು ಅತ್ತೆ ಬಾಗಿಲಲ್ಲೇ ನಿಂತು ಗಂಡನನ್ನು ಗದರಿದಳು. ಆಮೇಲೆ ಎಡಚಿಯ ಕಡೆ ತಿರುಗಿ ದನಿ ತಗ್ಗಿಸಿ, "ಆದ್ರೂ ಕೊಟ್ಟುಬಿಡಮ್ಮ, ಒಂದು ಚಿಂತೆ ಕಳೆಯುತ್ತೆ" ಎಂದಳು.

ಕೀಲಿ ಎಡಚಿಯ ಜೇಬಿನಲ್ಲೇ ಇತ್ತು. "ಹುಡುಕ್ತೀನಿ" ಎಂದಳು.

ಮಾವ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತೀರಿಹೋದ ಅಕ್ಕನ ಮಗಳೆಂದು ಅವಳಿಗಾಗಿ ತನ್ನ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಗೊತ್ತುಮಾಡಿ ಬಂದಿದ್ದ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಕತ್ತರಿಯಜ್ಜಿಯೇ ಹೋದಮೇಲೆ ಟೈಲರ್ ಅಂಗಡಿ ಯಾತಕ್ಕೆ? ಹುಡುಗಿಗೆ ಗುಂಡಿ ಹಾಕುವುದು, ಕಾಜಾ ಮಾಡುವುದು ಬಿಟ್ಟು ಮತ್ತೇನು ಬರುತ್ತದೆ? ಹೀಗೆಂದು ಅವನೊಬ್ಬನೇ ಅಲ್ಲ, ಇಡೀ ಬೀದಿಯೇ ನಂಬಿತ್ತು. ಹಾಗೆ ನಂಬಿಸಿದವರು ಅಜ್ಜಿ ಮತ್ತು ಎಡಚಿ, ಇಬ್ಬರೂ ಸೇರಿ.

ಬೆಳಗಿನಿಂದ ಜನ ಬರುತ್ತಲೇ ಇದ್ದರು. ಬಂದವರಲ್ಲಿ ಅರ್ಧ ಜನ ಅಜ್ಜಿಯ ಅಂಗಡಿಯಲ್ಲಿ ಹೊಲಿಸಿದ ಬಟ್ಟೆಯನ್ನೇ ಹುಡುಕಿ ಹಾಕಿಕೊಂಡು ಬಂದಿದ್ದರು. ನರ್ಸಕ್ಕ ತನ್ನ ಕೋಟಿನ ತೋಳನ್ನು ಎಲ್ಲರಿಗೂ ಕಾಣುವಂತೆ ಚಾಚಿದಳು.

"ಇದು ಹೋದ ಚಳೀಲಿ ಹೊಲಿದಿದ್ದು. ಆ ವಯಸ್ಸಿಗೆ ಕೈ ಒಂಚೂರಾದ್ರೂ ನಡುಗಿದೆಯಾ ನೋಡಿ! ಎಂಥಾ ಕೈಗುಣ ಅವರದು!"

"ಇನ್ನೆಲ್ಲಿ ಬರಬೇಕು ಆ ಕೈ," ಎಂದರು ನಿವೃತ್ತರಾಗಿದ್ದ ಟೀಚರಮ್ಮ. "ನನ್ನ ಈ ಅಂಗಿ ಹರಿದುಹೋದ್ರೆ ಇಂಥದ್ದು ಇನ್ನೊಂದು ಹೊಲಿಸೋಕಾಗಲ್ಲ."

ಆ ಕೋಟು ಹೊಲಿದವಳು ಎಡಚಿ. ಆ ಅಂಗಿಯೂ ಅವಳದೇ ಕೆಲಸ. ಬಾಯಿ ಬಿಟ್ಟರೆ ಸತ್ತವಳ ಮರ್ಯಾದೆ ತೆಗೆದಂತೆ. ಬಿಡದಿದ್ದರೆ ಸಂಜೆಯೊಳಗೆ ಅಂಗಡಿ ಕೈಬಿಟ್ಟಂತೆ. ಅವಳು ಬಗ್ಗಿ ಕಾಲುಚೀಲವನ್ನು ಮತ್ತೊಮ್ಮೆ ಎಳೆದಳು, ಈ ಸಲ ಹೋಯಿತು.

* * *

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಜ್ಜಿ ಸೂಜಿಗೆ ದಾರ ಪೋಣಿಸಲು ಕೂತವಳು ಎಷ್ಟು ಹೊತ್ತಾದರೂ ಏಳಲಿಲ್ಲ. "ಈ ಸೂಜಿಗೆ ಕಣ್ಣೇ ಇಲ್ಲ ಕಣೇ" ಎಂದಳು. ಎಡಚಿ ಇಸಿದುಕೊಂಡು ನೋಡಿದಳು. ಸೂಜಿ ಸರಿಯಾಗಿಯೇ ಇತ್ತು.

ಡಾಕ್ಟರರು ಇನ್ನು ಏನೂ ಮಾಡುವ ಹಾಗಿಲ್ಲ ಎಂದರು. ವಾಪಸು ಬರುವಾಗ ಅಜ್ಜಿ ಮೊಮ್ಮಗಳ ರಟ್ಟೆಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನಾನಿರೋವರೆಗೂ ಇದು ಯಾರ ಕಿವಿಗೂ ಬೀಳಬಾರದು. ಕಣ್ಣಿಲ್ಲದ ಟೈಲರಿಗೆ ಬಟ್ಟೆ ಯಾರು ಕೊಡ್ತಾರೆ? ನಿನ್ನ ಮಾವನಿಗೆ ಗೊತ್ತಾದ್ರೆ ನಾಳೆನೇ ಬಂದು ಗಂಟುಮೂಟೆ ಕಟ್ಟಿಸ್ತಾನೆ."

"ಮತ್ತೆ ಹೊಲಿಯೋದು ಯಾರಜ್ಜಿ?"

"ನೀನು."

"ನನಗೆಲ್ಲಿ ಬರುತ್ತೆ?"

"ಬರಲ್ಲ. ಬರೋವರೆಗೂ ಬೈತೀನಿ."

"ನೀನು ಇಲ್ಲದೇ ಹೋದಾಗ?"

"ಆಗ ನಿನ್ನ ಬಾಯಿ, ನಿನ್ನ ಹಣೆಬರಹ."

ಮಾರನೆಯ ದಿನದಿಂದಲೇ ಶುರುವಾಯಿತು. ಅಜ್ಜಿ ಗಿರಾಕಿಯ ಮೈಮೇಲೆ ಟೇಪು ಹಿಡಿದು, ಅಳತೆ ಮುಗಿದ ಜಾಗದಲ್ಲಿ ಹೆಬ್ಬೆರಳಿನ ಉಗುರು ಒತ್ತಿ, "ಏ ಎಡಚಿ, ಬರ್ಕೋ" ಎನ್ನುತ್ತಿದ್ದಳು. ಎಡಚಿ ಬಗ್ಗಿ ಉಗುರಿನ ಕೆಳಗಿನ ಅಂಕಿ ಓದಿಕೊಳ್ಳುತ್ತಿದ್ದಳು. ಆಮೇಲೆ ಅಜ್ಜಿ ಬೀದಿಗೆ ಕಾಣುವ ಮಿಷನ್ನಿನ ಮುಂದೆ ಕೂತು ಒಂದು ಚಿಂದಿಯ ಮೇಲೆ ಸುಮ್ಮನೆ ತುಳಿಯುತ್ತಿದ್ದಳು. ಪರದೆಯ ಹಿಂದಿನ ಕೋಣೆಯಲ್ಲಿ ಎಡಚಿ ಇನ್ನೊಂದು ಮಿಷನ್ನಿನಲ್ಲಿ ನಿಜವಾದ ಬಟ್ಟೆ ಹೊಲಿಯುತ್ತಿದ್ದಳು. ಎರಡೂ ಸದ್ದು ಒಂದಾಗಬೇಕು, ಮುಂದಿನದು ನಿಂತರೆ ಹಿಂದಿನದೂ ನಿಲ್ಲಬೇಕು. ಅಜ್ಜಿಗೆ ಕೆಮ್ಮು ಬಂದರೆ ಎಡಚಿಯ ಅರ್ಧ ಹೊಲಿಗೆ ಹಾಗೇ ನಿಲ್ಲುತ್ತಿತ್ತು.

ಬಾಗಿಲು ಹಾಕಿದ ಮೇಲೆ ಅಜ್ಜಿ ಹೊಲಿಗೆಯ ಮೇಲೆ ಬೆರಳಾಡಿಸಿ ಪರೀಕ್ಷೆ ಮಾಡುತ್ತಿದ್ದಳು. "ಇದೇನೇ ಇದು, ಎತ್ತು ಉಚ್ಚೆ ಹೊಯ್ದ ಹಾಗೆ? ಬಿಚ್ಚು!" ಎಡಚಿ ಅಳುತ್ತ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅಂಚಿನ ಕೈಹೊಲಿಗೆಯನ್ನು ಮಾತ್ರ ತಿದ್ದಲಾಗಲಿಲ್ಲ. ಅಜ್ಜಿಯ ಹೊಲಿಗೆ ಬಲಕ್ಕೆ ವಾಲಿದರೆ ಎಡಗೈಯ ಹುಡುಗಿಯದು ಎಡಕ್ಕೆ ವಾಲುತ್ತಿತ್ತು. "ಒಳಗಡೆ ಯಾರು ನೋಡ್ತಾರೆ, ಹೋಗ್ಲಿ ಬಿಡು" ಎಂದು ಅಜ್ಜಿ ಕೈಬಿಟ್ಟಳು. ಹೊಲಿಗೆಯ ತಪ್ಪು ಅವಳ ಬೆರಳಿಗೆ ಸಿಗುತ್ತಿತ್ತು. ತೊಟ್ಟವರ ಮೈಮೇಲೆ ಬಟ್ಟೆ ಹೇಗೆ ಕೂತಿದೆ ಎಂಬುದು ಸಿಗುತ್ತಿರಲಿಲ್ಲ. ಅಳತೆ ಬರೆದುಕೊಳ್ಳುವುದಕ್ಕೆ ಬಿಟ್ಟರೆ ಎಡಚಿಯಂತೂ ಪರದೆ ದಾಟಿ ಬರುವಂತಿರಲಿಲ್ಲ. ಅಜ್ಜಿ ಕೇಳಿದರೆ ಎಲ್ಲರೂ ಬಹಳ ಚೆನ್ನಾಗಿದೆ ಎನ್ನುತ್ತಿದ್ದರು.

* * *

ಮಣ್ಣು ಮಾಡುವ ಜಾಗದಲ್ಲಿ ಗಾಳಿ ಜೋರಾಗಿತ್ತು. ಎಡಚಿ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತವಳು ಹಾಕಲು ಮರೆತಳು. ಅತ್ತೆ ಮೊಣಕೈಯಿಂದ ತಿವಿದ ಮೇಲೆ ಹಾಕಿದಳು. ಅಜ್ಜಿ ಹೋದಳಲ್ಲ ಎಂಬ ಸಂಕಟವೂ ನೆಟ್ಟಗೆ ಬರುತ್ತಿಲ್ಲ, ನಡುವೆ ಈ ಹಾಳು ಅಂಗಡಿಯ ಚಿಂತೆ ಅಡ್ಡ ನಿಂತಿದೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಚಪ್ಪಲಿ ಅಂಗಡಿಯವನು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. "ಮಿಷನ್ನು ಬೇಕಾದ್ರೆ ನೀನೇ ತಗೊಂಡು ಹೋಗಮ್ಮ. ನನಗೆ ಜಾಗ ಒಂದು ಸಾಕು." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಎಡಚಿಗೆ ಅವನ ತಲೆ ಮೇಲೆ ಒಂದು ಬುಟ್ಟಿ ಮಣ್ಣು ಸುರಿಯಬೇಕೆನಿಸಿತು.

ಮಾವ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಇದು ಅಮ್ಮ ನನಗೆ ಹೊಲಿದ ಕೊನೇ ಬಟ್ಟೆ" ಎಂದು ಯಾರಿಗೋ ಹೇಳುತ್ತಿದ್ದ. "ಸಾಯೋವರೆಗೂ ಇದನ್ನ ಬಿಡಲ್ಲ ನಾನು."

ಎಡಚಿ ಬೇರೆ ಕಡೆ ನೋಡಿದಳು.

* * *

ಹೋದ ವರ್ಷ ಮಾವ ಕೋಟಿನ ಬಟ್ಟೆ ಹಿಡಿದುಕೊಂಡು ಬಂದಿದ್ದ. "ನೀನು ಹೊಲಿದದ್ದು ಹಾಕ್ಕೊಂಡು ಎಷ್ಟು ವರ್ಷ ಆಯ್ತಮ್ಮ" ಎಂದಾಗ ಅಜ್ಜಿಯ ಮುಖ ಊರಗಲವಾಯಿತು. ಎರಡು ದಿನ ಅವನು ಅಂಗಡಿಯ ಬೆಂಚಿನ ಮೇಲೆ ಮಲಗಿಕೊಂಡು, "ಈ ಮಿಷನ್ ಸದ್ದು ಕೇಳಿದ್ರೆ ಸಣ್ಣವನಾಗಿಬಿಡ್ತೀನಿ, ನಿದ್ದೆ ಬರುತ್ತೆ" ಎಂದು ನಿಜವಾಗಿಯೂ ನಿದ್ದೆ ಹೋದ. ಅಜ್ಜಿ ಚಿಂದಿಯ ಮೇಲೆ ತುಳಿಯುತ್ತಲೇ ಇದ್ದಳು. ಪರದೆಯ ಹಿಂದೆ ಎಡಚಿ ತೋಳು ಕೂರಿಸುತ್ತಿದ್ದಳು.

ಕೋಟು ತೊಟ್ಟು ನಿಂತಾಗ ಅಜ್ಜಿ ಅವನ ಭುಜ ಸವರಿ, "ಸರಿಯಾಗಿದೆಯೇನೋ?" ಎಂದಳು.

"ಎರಕ ಹೊಯ್ದ ಹಾಗಿದೆ ಅಮ್ಮ."

ಅವನು ಬಸ್ಸು ಹತ್ತಿದ ಮೇಲೆ ಅಜ್ಜಿ ಚಿಂದಿಯನ್ನು ಮಡಚಿ ಪಕ್ಕಕ್ಕಿಟ್ಟಳು. "ಹೊಟ್ಟೇಲಿ ಹುಟ್ಟಿದ ಮಗನಿಗೂ ಸುಳ್ಳು ಹೇಳಿಬಿಟ್ಟೆ ಕಣೇ," ಎಂದಳು. "ಅವನ ಹತ್ತಿರ ಹೇಳೋ ಧೈರ್ಯ ನನಗಿಲ್ಲ."

* * *

ಮಣ್ಣಿನಿಂದ ಬಂದವರೆಲ್ಲ ಟೀ ಲೋಟ ಹಿಡಿದು ಕೂತಿದ್ದರು. ಚಪ್ಪಲಿ ಅಂಗಡಿಯವನು ಮಾವನನ್ನು ನೋಡಿದ. ಮಾವ ಎಡಚಿಯನ್ನು ನೋಡಿದ. "ಕೀಲಿ ಸಿಕ್ತೇನಮ್ಮ?"

"ಸಿಕ್ತು. ಕೊಡಲ್ಲ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. "ಅಂಗಡಿ ನಾನು ನಡೆಸ್ತೀನಿ ಮಾವ."

"ಏನು, ಗುಂಡಿ ಹಾಕ್ಕೊಂಡಾ?" ಮಾವನ ದನಿಯಲ್ಲಿ ಕೋಪವಿರಲಿಲ್ಲ, ಮರುಕವಿತ್ತು. "ಹುಚ್ಚು ಹುಡುಗಿ. ಜನ ಬರ್ತಿದ್ದಿದ್ದು ಅಮ್ಮನ ಕೈ ನೋಡಿ."

"ಅಜ್ಜಿಗೆ ಕಣ್ಣು ಕಾಣ್ತಿರಲಿಲ್ಲ. ಎರಡು ವರ್ಷದಿಂದ ಹೊಲಿದದ್ದೆಲ್ಲ ನಾನೇ."

ಮೊದಲು ಸಿಡಿದವಳು ಅತ್ತೆ. "ಛೀ! ಮಣ್ಣಿನ್ನೂ ಹಸಿ ಆರಿಲ್ಲ, ಆಗಲೇ ಸತ್ತವರ ಹೆಸರು ಕಿತ್ಕೊಳ್ತೀಯಾ? ಅವರು ಮಿಷನ್ ತುಳಿಯೋದನ್ನ ನಾನೇ ಈ ಕಣ್ಣಾರೆ ನೋಡಿದ್ದೀನಿ!"

"ಅದು ಚಿಂದಿ ಅತ್ತೆ. ಬರೀ ಚಿಂದಿ ಮೇಲೆ ತುಳೀತಿದ್ಲು." ಎಡಚಿ ಎದ್ದು ಬಂದು ಅತ್ತೆಯ ಹಳೆಯ ಕೋಟಿನ ಅಂಚು ಮಗುಚಿದಳು. "ಇದು ಅಜ್ಜಿ ಹೊಲಿದಿದ್ದು, ಹತ್ತು ವರ್ಷದ ಹಿಂದೆ. ಹೊಲಿಗೆ ಬಲಕ್ಕೆ ವಾಲಿದೆ ನೋಡಿ. ನರ್ಸಕ್ಕ, ನಿಮ್ಮ ತೋಳು ಕೊಡಿ. ಇದು ನಂದು. ಎಡಕ್ಕೆ."

ಟೀಚರಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ಎರಡನ್ನೂ ನೋಡಿದರು. "ಅಯ್ಯೋ ಹೌದಲ್ರೀ!" ಎಂದರು. ತಕ್ಷಣ ತಮ್ಮ ಅಂಗಿಯ ಅಂಚು ಮಗುಚಿಕೊಂಡರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಒಬ್ಬರು ತೋಳು ಮಗುಚಿದರು, ಒಬ್ಬರು ಕಾಲರ್ ಎತ್ತಿದರು, ಚಪ್ಪಲಿ ಅಂಗಡಿಯವನು ಕಷ್ಟಪಟ್ಟು ಬಗ್ಗಿ ಪ್ಯಾಂಟಿನ ತುದಿ ಎತ್ತಿ ನೋಡಿಕೊಂಡ.

ಮಾವ ಮಾತ್ರ ತನ್ನ ಕೋಟನ್ನು ಮುಟ್ಟಲಿಲ್ಲ.

"ಇದೂನಾ?" ಎಂದ.

ಇಲ್ಲ, ಅದೊಂದನ್ನು ಮಾತ್ರ ಅಜ್ಜಿಯೇ ಹೊಲಿದಳು ಎಂದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಅವನು ಮಗುಚಿ ನೋಡುವವನೂ ಅಲ್ಲ. ಆ ಸುಳ್ಳು ತುಟಿಯವರೆಗೂ ಬಂದಿತ್ತು.

"ಅದೂ ನಾನೇ ಮಾವ. ನಿಮಗೆ ಹೇಳಬೇಕು ಅಂತ ಅಜ್ಜಿಗೆ ತುಂಬಾ ಇತ್ತು. ಧೈರ್ಯ ಬರಲಿಲ್ಲ ಅವಳಿಗೆ."

ಮಾವ ಗೋಡೆಯ ಕಡೆ ಮುಖ ತಿರುಗಿಸಿದ. ಎಡಚಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅಂಗಡಿ ಉಳಿಯಲಿಲ್ಲ, ಅಜ್ಜಿಯ ಹೆಸರೂ ಹೋಯಿತು, ಅಮ್ಮನ ಕೊನೇ ಕೋಟು ಎಂದು ಅಪ್ಪಿಕೊಂಡಿದ್ದವನ ಮೈಮೇಲಿನಿಂದ ಅದನ್ನೂ ಕಿತ್ತುಕೊಂಡೆ ಎಂದುಕೊಂಡಳು.

"ಹಾಗಾದ್ರೆ," ಎಂದರು ಟೀಚರಮ್ಮ ನಿಧಾನವಾಗಿ, "ಕಂಕುಳಲ್ಲಿ ಇಷ್ಟು ಹಿಡಿಯೋ ಹಾಗೆ ಹೊಲಿದವಳು ನೀನೇನಾ?"

"ಹಿಡಿಯುತ್ತಾ?"

"ಹಿಡಿಯುತ್ತಾ ಅಂತೆ! ಕೈ ಎತ್ತೋಕಾಗಲ್ಲ ಮಾರಾಯ್ತಿ. ಬಸ್ಸಲ್ಲಿ ಕಂಬಿ ಹಿಡಿಯೋದೇ ಬಿಟ್ಟಿದ್ದೀನಿ."

"ನನ್ನ ಜೇಬು ನೋಡು," ನರ್ಸಕ್ಕನಿಗೂ ಬಾಯಿ ಬಂತು. "ಎಷ್ಟು ಮೇಲಿಟ್ಟಿದ್ದೀಯಾ! ಪೆನ್ನು ಸಿಕ್ಕಿಸಿದ್ರೆ ಗದ್ದಕ್ಕೆ ಚುಚ್ಚುತ್ತೆ."

"ನಾನು ದಪ್ಪ ಆಗಿದ್ದೀನಿ ಅಂದ್ಕೊಂಡು ಆರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೀನಿ," ಎಂದ ಚಪ್ಪಲಿ ಅಂಗಡಿಯವನು ಸೊಂಟಪಟ್ಟಿ ಹಿಡಿದುಕೊಂಡು.

"ಒಬ್ಬರಾದ್ರೂ ಹೇಳಬಾರದಿತ್ತಾ?" ಎಡಚಿಗೆ ಅಳು ಬಂತು.

"ಕತ್ತರಿಯಜ್ಜಿಗೆ ಹೇಗಮ್ಮ ಹೇಳೋದು?" ಎಂದರು ಟೀಚರಮ್ಮ. "ಅವರು ಹೊಲಿದರು ಅಂದಮೇಲೆ ತಪ್ಪು ನಮ್ಮ ಮೈಯದ್ದೇ ಅಂದ್ಕೊಂಡ್ವಿ. ನಿನಗೆ ಹೇಳಬಹುದಲ್ಲ. ನಾಳೆ ತಂದುಕೊಡ್ತೀನಿ, ಬಿಚ್ಚಿ ಸರಿಮಾಡು."

ಎರಡು ವರ್ಷ ಪರದೆಯ ಹಿಂದೆ ಕೂತು ಕೇಳಿದ ಹೊಗಳಿಕೆ ಒಂದೂ ತನ್ನದಲ್ಲ, ತನ್ನ ಪಾಲಿಗೆ ಬಂದದ್ದು ಈ ದೂರುಗಳು ಎಂದು ಎಡಚಿಗೆ ಆಗ ಗೊತ್ತಾಯಿತು. ಕಿವಿ ಬಿಸಿಯಾಗಿ, ಜೊತೆಗೆ ಯಾಕೋ ಮೈ ಹಗುರವೂ ಆಯಿತು.

ಮಾವ ಎದ್ದು ನಿಂತ. ಚಪ್ಪಲಿ ಅಂಗಡಿಯವನಿಗೆ, "ನೀನು ಹೊರಡಪ್ಪ, ಇವತ್ತು ಬೇಡ" ಎಂದ. ಆಮೇಲೆ ಎಡಚಿಯ ಮುಂದೆ ಬಂದು ಎರಡೂ ಕೈ ಚಾಚಿದ. ಕೋಟಿನ ತೋಳು ಬೆರಳಿನ ಗಿಣ್ಣು ದಾಟಿ ಇಳಿದಿತ್ತು.

"ಉದ್ದ ಇದೆ," ಎಂದ. "ಮೊದಲ ದಿನದಿಂದ ಉದ್ದಾನೇ ಇದೆ."

ಎಡಚಿ ಗುಂಡುಸೂಜಿಗಳನ್ನು ತಂದು ತುಟಿಯಲ್ಲಿ ಕಚ್ಚಿಕೊಂಡು ಅವನ ತೋಳಿನ ತುದಿ ಮಡಿಸಿದಳು. ಬಾಯಿತುಂಬ ಸೂಜಿಯಿದ್ದುದರಿಂದ ಮಾತಾಡುವ ಹಾಗಿರಲಿಲ್ಲ. ಅಲ್ಲಾಡಬೇಡಿ ಎಂದು ಕಣ್ಣಲ್ಲೇ ಹೇಳಿದಳು. ಮಾವ ಅಲ್ಲಾಡಲಿಲ್ಲ. ಕೋಟಿನ ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು, ಕಣ್ಣೊರೆಸಿಕೊಳ್ಳಲಾಗದೆ, ನೀರು ಗಲ್ಲದಿಂದ ಇಳಿದು ಕಾಲರಿನ ಒಳಗೆ ಹೋಗುತ್ತಿದ್ದರೂ ಹಾಗೇ ಕೈ ಚಾಚಿಕೊಂಡು ನಿಂತಿದ್ದ.