ಫ್ರೆಂಚ್ ಅಕ್ಕ, ಫ್ರೆಂಚ್ ತಂಗಿ

ಗ್ರಂಥಾಲಯದ ಮೇಲಂತಸ್ತಿನಲ್ಲಿ ಸೇರುವ ಓದುಗರ ಬಳಗಕ್ಕೆ ಒಂದು ವಿಚಿತ್ರ ಕಟ್ಟಳೆ ಇತ್ತು. ಲೇಖಕರ ಬದುಕನ್ನು ಒಬ್ಬರು ಹೇಳಬೇಕು, ಬರಹವನ್ನು ಇನ್ನೊಬ್ಬರು. ಸಭೆಯ ಸಂಜೆಯವರೆಗೆ ಇಬ್ಬರೂ ಅದರ ಬಗ್ಗೆ ಪರಸ್ಪರ ತುಟಿ ಪಿಟಕ್ ಎನ್ನಬಾರದು. ಈ ಸಲ ಚೀಟಿ ಎತ್ತಿದಾಗ ಬದುಕು ಟೈಲರಕ್ಕನ ಪಾಲಿಗೆ ಬಂತು, ಬರಹ ಅವಳ ಸ್ವಂತ ತಂಗಿ ನರ್ಸಮ್ಮನ ಪಾಲಿಗೆ. ಕಟ್ಟಳೆ ಪಾಲಿಸಲು ಇವರಿಗಿಂತ ಯೋಗ್ಯರು ಎಲ್ಲಿ ಸಿಗಬೇಕು! ತನ್ನನ್ನು ಒಂದು ಮಾತು ಕೇಳದೆ ಮದುವೆ ಗೊತ್ತುಮಾಡಿಕೊಂಡಳೆಂದು ಅಕ್ಕ ತಂಗಿಯ ಮದುವೆಗೇ ಹೋಗಿರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತುಕತೆ ಬಂದ್.

ಅಕ್ಕನ ಸಿಟ್ಟು ಎಂದೋ ಇಳಿದಿತ್ತು. ತಂಗಿಯ ಬಾಯಲ್ಲಿ ಮತ್ತೆ ‘ಅಕ್ಕಾ’ ಎನ್ನಿಸಿಕೊಳ್ಳುವ ಆಸೆ ಅವಳನ್ನು ಕೊರೆಯುತ್ತಿತ್ತು. ಆದರೆ ತಾನಾಗಿ ಮಾತಾಡಿಸಲು ಬಿಗುಮಾನ ಬಿಡಬೇಕಲ್ಲ.

ಸಭೆಯ ಸಂಜೆ ಮೊದಲು ಅವಳೇ ಎದ್ದು ನಿಂತು ಒಪ್ಪಿಸಿದಳು. ಫ್ರಾನ್ಸಿನ ಈ ಲೇಖಕಿ ಟೋಪಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು, ಕಡಲನ್ನು ಕಣ್ಣಿಂದ ಕಾಣದೆ ಜೀವನವಿಡೀ ಹಡಗಿನ ಕಾದಂಬರಿಗಳನ್ನೇ ಬರೆದಳು.

ತಂಗಿ ತಬ್ಬಿಬ್ಬಾದಳು. ಅವಳು ಓದಿದ ಪುಸ್ತಕಗಳಲ್ಲಿ ಹಡಗಿರಲಿ, ಒಂದು ದೋಣಿಯೂ ಇರಲಿಲ್ಲ. ಎಲ್ಲವೂ ಮನೆಯ ಕತೆಗಳು. ಪ್ರತಿ ಕತೆಯಲ್ಲೂ ಒಬ್ಬ ಅಕ್ಕ ಬಾಗಿಲವರೆಗೆ ಬರುತ್ತಾಳೆ, ಯಾರೂ ಒಳಗೆ ಕರೆಯುವುದಿಲ್ಲ, ಅವಳು ಹಿಂತಿರುಗುತ್ತಾಳೆ.

ಗ್ರಂಥಪಾಲಕರು ಇಬ್ಬರೂ ತಂದಿದ್ದ ಪುಸ್ತಕಗಳನ್ನು ತಿರುವಿ ನೋಡಿ ನಾಲಿಗೆ ಕಚ್ಚಿಕೊಂಡರು. ಚೀಟಿಯಲ್ಲಿ ಅವರು ಬರೆದಿದ್ದು ಮನೆತನದ ಹೆಸರನ್ನಷ್ಟೇ. ಆ ಮನೆತನದಲ್ಲಿ ಅಕ್ಕ ತಂಗಿ ಇಬ್ಬರೂ ಲೇಖಕಿಯರು! ಟೈಲರಕ್ಕ ಹೇಳಿದ್ದು ಅಕ್ಕನ ಬದುಕು, ನರ್ಸಮ್ಮ ಓದಿದ್ದು ತಂಗಿಯ ಕತೆ. ಬಳಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಗು ನಿಂತ ಮೇಲೆ ನಿವೃತ್ತ ಪೋಸ್ಟ್‌ಮಾಸ್ತರರು, ಆ ಇಬ್ಬರೂ ಹೊಂದಿಕೊಂಡಿದ್ದರೇ ಎಂದು ಕೇಳಿದರು. ಲೇಖಕಿಗೆ ಒಬ್ಬ ತಂಗಿ ಇದ್ದಳೆಂದು ಟೈಲರಕ್ಕ ಓದಿದ್ದಳು. ಅವಳೂ ಬರೆಯುತ್ತಿದ್ದಳೆಂಬುದು ಮಾತ್ರ ತಿಳಿದಿರಲಿಲ್ಲ. ಆ ತಂಗಿಯ ಸುದ್ದಿಯಿದ್ದ ಭಾಗವನ್ನು ಒಪ್ಪಿಸುವಾಗ ಬೇಕೆಂದೇ ನುಂಗಿಕೊಂಡಿದ್ದಳು.

“ಇಲ್ಲ,” ಎಂದಳು. “ಒಂದೇ ಊರಲ್ಲಿದ್ರು. ಕೊನೇವರೆಗೂ ಒಬ್ಬರ ಹೊಸಿಲು ಒಬ್ಬರು ತುಳೀಲಿಲ್ಲ.”

ಎಲ್ಲರೂ ಇಳಿದು ಹೋದರು. ಕುರ್ಚಿ ಮಡಚಿಡುವ ಕೆಲಸ ಆ ದಿನ ಮಾತಾಡಿದವರದು, ಹಾಗಾಗಿ ಇಬ್ಬರೇ ಉಳಿದರು.

“ಒಂದು ಮಾತು ಕೇಳಿದ್ರೆ ಈ ಎಡವಟ್ಟು ಆಗ್ತಿರಲಿಲ್ಲ,” ಎಂದಳು ತಂಗಿ, ಕುರ್ಚಿಯನ್ನು ನೋಡುತ್ತ.

“ಮಾತಾಡ್ಸೋಣ ಅಂತ ಒಂದ್ಸಲ ಬಂದಿದ್ದೆ. ನಿಮ್ಮನೆ ಮೆಟ್ಟಿಲವರೆಗೂ.”

“ಗೊತ್ತು. ಕಿಟಕಿಯಿಂದ ನೋಡಿದೆ. ಬಾ ಅನ್ನೋಕೆ ಬಾಯಿ ಬರಲಿಲ್ಲ.”

ಅಕ್ಕ ಇನ್ನೊಂದು ಕುರ್ಚಿ ಮಡಚಿದಳು. “ಆ ಕಿಟಕಿಗೇ ಪರದೆ ಹೊಲಿದು ತಂದಿದ್ದೆ. ಇನ್ನೂ ನನ್ನ ಅಂಗಡೀಲೇ ಇದೆ.”

“ಅಳತೆ ಯಾರು ಕೊಟ್ರು?”

“ಯಾರು ಕೊಡ್ತಾರೆ? ಬೀದೀಲಿ ನಿಂತು ಕಣ್ಣಂದಾಜು.”

ತಂಗಿ ಕೊನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿ, ಬಾಗಿಲನ್ನು ತೆರೆದು ಹಿಡಿದಳು.

“ಟೇಪು ಚೀಲದಲ್ಲೇ ಇದೆ ತಾನೇ? ನಡಿ ಅಕ್ಕಾ. ಕಿಟಕೀನ ಒಳಗಡೆಯಿಂದ ಅಳೀಬೇಕು.”