ಎರಡು ಸಲ ತಟ್ಟಿ ಓದಬೇಕು

ಟಕ್, ಟಕ್.

ಉಗುರಿನಿಂದ ಗಾಜಿನ ಮೇಲೆ ಎರಡು ಸಲ ತಟ್ಟಿದಂಥ ಸಣ್ಣ ಸದ್ದು. ಗ್ಯಾಸಿನ ತಿರುಪನ್ನು ಮೂರನೆಯ ಸಲ ಮುಟ್ಟಿ ನೋಡುತ್ತಿದ್ದ ಮಾಲಿನಿಯ ಕೈ ಅಲ್ಲೇ ನಿಂತಿತು. ಆರು ತಿಂಗಳಿಂದ, ರಾತ್ರಿ ಹನ್ನೊಂದು ದಾಟಿದ ಮೇಲೆ, ಅತ್ತೆಯ ಕೋಣೆಯಿಂದ ಬರುತ್ತಿದ್ದದ್ದು ಇದೇ ಸದ್ದು. ಎರಡೇ ಸಲ. ಆಮೇಲೆ ದೀಪ ಆರುತ್ತಿತ್ತು. ಅದೇನೆಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅತ್ತೆ ಕನಕಮ್ಮ ನಡುಮನೆಯಲ್ಲಿ, ಬಾಡಿಗೆಗೆ ತಂದ ಐಸ್ ಪೆಟ್ಟಿಗೆಯ ಗಾಜಿನ ಮುಚ್ಚಳದ ಕೆಳಗೆ ಮಲಗಿದ್ದಳು.

ಮಾಲಿನಿ ಬಾಗಿಲಿಗೆ ಬಂದು ಇಣುಕಿದಳು. ಪೆಟ್ಟಿಗೆಯ ತಲೆಯ ಕಡೆ ಗೋವಿಂದಮ್ಮ ಕೂತಿದ್ದಳು. ಫ್ಯಾಕ್ಟರಿಯಲ್ಲಿ ಕನಕಮ್ಮನ ಪಕ್ಕದ ಬೆಂಚಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಸುದ್ದಿ ತಿಳಿದು ಶಿಫ್ಟಿನಿಂದ ನೇರವಾಗಿ ಬಂದಿದ್ದಳು. ಅವಳ ನಡುಬೆರಳು ಇನ್ನೂ ಗಾಜಿನ ಮೇಲೇ ಇತ್ತು.

"ಏನ್ ಮಾಡ್ತಿದೀರ ಆಂಟಿ?"

ಗೋವಿಂದಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಅಭ್ಯಾಸ ಕಣಮ್ಮ. ಗಾಜು ಕಂಡ್ರೆ ಬೆರಳು ಸುಮ್ನಿರಕ್ಕಿಲ್ಲ. ನಮ್ಮ ಲೈನಲ್ಲಿ ವಿಮಾನದ ಮೀಟರು ಟೆಸ್ಟ್ ಮಾಡ್ತಿದ್ವಲ್ಲ, ಎಷ್ಟೆತ್ತರ ಹೋಯ್ತು ಅಂತ ತೋರ್ಸೋದು. ಮುಳ್ಳು ಒಂದೊಂದ್ಸಲ ಅಂಟ್ಕಂಡಿರ್ತದೆ. ಎರಡು ಸಲ ತಟ್ಟಿ ಆಮೇಲೆ ಓದ್ಬೇಕು. ಹೊಸ ಹುಡ್ಗೀರು ತಟ್ದೆ ಬರ್ಕಂಡ್ರೆ ಇವ್ಳು ಬೈಯೋಳು ನೋಡು, 'ತಟ್ಟದೆ ಓದಿದ್ರೆ ಸುಳ್ಳು ಹೇಳ್ತದೆ ಕಣ್ರೇ' ಅಂತ."

"ಅತ್ತೆ ಮನೇಲೂ ಏನೋ ತಟ್ತಿದ್ರು. ದಿನಾ ರಾತ್ರಿ."

ಗೋವಿಂದಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭೈರೇಶ್ ಒಳಗೆ ಬಂದ. ತಾಯಿಯ ಮುಖವನ್ನು ನೋಡದೆ, ಪೆಟ್ಟಿಗೆಯ ವೈರು ಸರಿಯಾಗಿದೆಯೇ ಎಂದು ನೋಡಿ, ಹೊರಗೆ ಹೋದ. ಮಧ್ಯಾಹ್ನ ಸುದ್ದಿ ಬಂದಾಗಿನಿಂದ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಂಡನ ಆ ಒಣ ಕಣ್ಣು ಮಾಲಿನಿಗೆ ಸಾವಿಗಿಂತ ಹೆಚ್ಚು ಭಯ ಹುಟ್ಟಿಸಿತ್ತು. ಅವನು ಹೋದ ಮೇಲೆ ಗೋವಿಂದಮ್ಮ ಸೆರಗಿನಿಂದ ಗಾಜಿನ ಮೇಲಿನ ತನ್ನ ಬೆರಳಿನ ಗುರುತನ್ನು ಒರೆಸಿದಳು.

*

ಬೆಳಿಗ್ಗೆ ಹೆಣಕ್ಕೆ ನೀರು ಹಾಕುವ ಹೊತ್ತಿಗೆ ತಳಿಯ ಕಡೆಯ ಹಳ್ಳಿಯಿಂದ ಕನಕಮ್ಮನ ಅಕ್ಕ ಮುನಿವೆಂಕಟಮ್ಮ ಬಂದಿಳಿದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮೊದಲು ಕೇಳಿದ್ದು ಎಲ್ಲರೂ ನಿನ್ನೆಯಿಂದ ಕೇಳುತ್ತಿದ್ದುದನ್ನೇ.

"ನಮ್ಮನೆಗೆ ಬತ್ತೀನಿ ಅಂತ ಹೇಳಿ ಹೊಂಟೋಳು ರಾಯಕೋಟೆ ಬೆಟ್ಟದ ಮೇಲೆ ಯಾಕೆ ಸಿಕ್ಲು? ತಳಿ ಒಂದು ದಿಕ್ಕು, ರಾಯಕೋಟೆ ಒಂದು ದಿಕ್ಕು!"

ಯಾರಿಗೂ ಗೊತ್ತಿರಲಿಲ್ಲ. ನಿನ್ನೆ, ಭಾನುವಾರ, ಕನಕಮ್ಮ ಮೊದಲ ಬಸ್ಸಿಗೆ ಹೋಗಿದ್ದಳು. ಕೋಟೆಯ ಮೆಟ್ಟಿಲ ಅರ್ಧದಲ್ಲಿ ಕೂತವಳು ಏಳಲಿಲ್ಲ. ಮೇಕೆ ಮೇಯಿಸುವವರು ನೋಡಿ ಕೆಳಗೆ ಹೊತ್ತು ತಂದಿದ್ದರು. ಬರಿಗಾಲಿನಲ್ಲಿದ್ದಳು, ಚಪ್ಪಲಿ ಬೆಟ್ಟದ ಬುಡದಲ್ಲಿತ್ತು. ಬೆನ್ನಿಗೆ ಭೈರೇಶನ ಹಳೆಯ ಕಾಲೇಜು ಬ್ಯಾಗು. ಅದರೊಳಗೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಹತ್ತು ಸೇರು ರಾಗಿ.

ಹಿಂದಿನ ಅಂಗಳದಲ್ಲಿ ಸೀರೆ ಅಡ್ಡ ಹಿಡಿದು ಹೆಂಗಸರು ನೀರು ಹೊಯ್ಯುತ್ತಿದ್ದರು. ತಂಗಿಯ ಕಾಲು ತೊಳೆಯಲು ಬಗ್ಗಿದ ಮುನಿವೆಂಕಟಮ್ಮ ಹಾಗೇ ನಿಂತಳು.

"ಇಲ್ನೋಡ್ರೇ."

ಎರಡೂ ಹಿಮ್ಮಡಿಯಲ್ಲಿ ಒಡೆದ ಬೊಬ್ಬೆಗಳು. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗೆ ಸತ್ತಿತ್ತು.

"ಇದು ಒಂದಿನ ನಡೆದ ಕಾಲಲ್ಲ," ಎಂದಳು ಮುನಿವೆಂಕಟಮ್ಮ. ಅವಳ ದನಿ ತಗ್ಗಿತು. "ಬರಿಗಾಲು. ತಲೆ ಮೇಲೆ ಹೊರೋ ಬದ್ಲು ಬೆನ್ ಮೇಲೆ ದೇವ್ರಿಗೆ ಮೀಸಲು ರಾಗಿ. ಯಾರ್ಗೂ ಹೇಳಿಲ್ಲ. ಇದು ಹರಕೆ ಕಣ್ರೇ. ನನ್ ತಂಗಿ ಹರಕೆ ಹೊತ್ತಿದ್ಲು."

ಯಾತಕ್ಕೆ ಹರಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಚೆಂಬು ಹಿಡಿದು ನಿಂತಿದ್ದ ಮಾಲಿನಿಯ ಕಡೆ ನೋಡಿದರು. ಮದುವೆಯಾಗಿ ಏಳು ವರ್ಷ. ಮಡಿಲು ಖಾಲಿ.

"ಸೊಸೆ ಮಡ್ಲು ತುಂಬ್ಲಿ ಅಂತ ಬೆಟ್ಟ ಹತ್ತಿ ಪ್ರಾಣ ಬುಟ್ಲು," ಎಂದು ಯಾರೋ ನಿಟ್ಟುಸಿರಿಟ್ಟರು.

ಮಾಲಿನಿ ಚೆಂಬನ್ನು ಕೆಳಗಿಟ್ಟಳು. ಏಳು ವರ್ಷದಲ್ಲಿ ಮಗುವಿನ ಮಾತನ್ನು ಒಂದೇ ಒಂದು ಸಲವೂ ಎತ್ತದೆ ಇದ್ದವಳು ಈ ಮನೆಯಲ್ಲಿ ಅತ್ತೆ ಒಬ್ಬಳೇ. ಆ ಮೌನದ ಒಳಗೆ ಇದಿತ್ತೇ?

ಮಾತು ಅಂಗಳದಿಂದ ಬೀದಿಯ ಶಾಮಿಯಾನಕ್ಕೆ ಹೋಗಲು ಎರಡು ನಿಮಿಷ ಸಾಕಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಭೈರೇಶನ ಬೆನ್ನು ಮೊದಲು ಅಲುಗಿತು. ಆಮೇಲೆ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಚಿಕ್ಕ ಹುಡುಗನ ಹಾಗೆ, "ನಮಗೋಸ್ಕರ… ನಮಗೋಸ್ಕರ ಹೋಗ್ಬುಟ್ಲಲ್ಲ ಮಾವಾ," ಎಂದು ಅಳತೊಡಗಿದ. ಸೋದರಮಾವ ಮುತ್ತರಾಯಪ್ಪ ಅವನ ತಲೆಯನ್ನು ಹೊಟ್ಟೆಗೊತ್ತಿ ಹಿಡಿದುಕೊಂಡ. "ಅಳ್ಲಾ, ಅತ್ತುಬುಡು. ಅಂಥಾ ತಾಯಿ ಯಾರ್ಗೂ ಸಿಕ್ಕಕ್ಕಿಲ್ಲ."

ಕಿಟಕಿಯಿಂದ ಮಾಲಿನಿ ನೋಡಿದಳು. ಅವನು ಅತ್ತನಲ್ಲ ಎಂದು ಎದೆ ಹಗುರಾಯಿತು. ಅದೇ ಎದೆಯ ಮೇಲೆ ಇನ್ನೊಂದು ಕಲ್ಲು ಬಂದು ಕೂತಿತು.

*

ಅತ್ತೆಯನ್ನು ಅವಳು ಗಮನಿಸದೆ ಇರಲಿಲ್ಲ. ಗಮನಿಸುವುದು ಅವಳ ಸ್ವಭಾವ. ಮೆಟ್ಟಿಲ ಮೇಲಿನ ಹೆಜ್ಜೆ ಯಾರದೆಂದು ಕೂತಲ್ಲೇ ಹೇಳುವಳು.

ಸಂಕ್ರಾಂತಿ ಕಳೆದ ಮೇಲೆ ಅತ್ತೆಗೆ ರಾಗಿ ಒಣಗಿಸುವ ಹುಚ್ಚು ಹತ್ತಿತ್ತು. ಬೆಳಿಗ್ಗೆ ಐದಕ್ಕೆ ರಾಗಿಯ ಗಂಟು ಹೊತ್ತು ತಾರಸಿಗೆ ಹತ್ತುವುದು, ಇಳಿಸುವುದು, ಮತ್ತೆ ಹತ್ತಿಸುವುದು. ಸಂಜೆಯೂ ಅದೇ. ಅವರಿದ್ದ ಗಡಿಯೂರು ಮತ್ತಿಗಿರಿಯಲ್ಲೇ ಏಕೆ, ಇಡೀ ಜಿಲ್ಲೆಯಲ್ಲಿ ಅಷ್ಟು ಒಣಗಿದ ರಾಗಿ ಇರಲಿಲ್ಲ. ಪಕ್ಕದ ಮನೆಯವರು, "ಕನಕಮ್ಮನೋರೇ, ಇನ್ನೂ ಒಣಗಿಲ್ವಾ?" ಎಂದು ನಗುವರು. "ತೇವ ಐತೆ ಕಣ್ರೀ," ಎಂದು ಇವಳು ಏದುಸಿರಿನಲ್ಲೇ ಉತ್ತರ ಕೊಡುವಳು.

ಒಂದು ದಿನ ಸೊಪ್ಪು ಬಿಡಿಸುತ್ತ ಕೇಳಿದ್ದಳು: "ಮಾಲಿನಿ, ಉಸಿರು ಕಟ್ತಾ ಐತೆ ಅನ್ನಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಮಾಲಿನಿಗೆ ಗಾಬರಿ. "ಯಾಕತ್ತೆ? ಎದೆನೋವಾ? ಡಾಕ್ಟರ್ ಹತ್ರ ಹೋಗೋಣ ನಡೀರಿ."

"ಅಯ್ ಹುಚ್ಚಿ. ಸುಮ್ನೆ ಕೇಳ್ದೆ. ನೀನು ಒಂದು ಕೇಳಿದ್ರೆ ಹತ್ತು ಹೆದರ್ಕೊತೀಯ."

ಇನ್ನೊಂದು ದಿನ: "ಹಿಮ ನೋಡೋ ಆಸೆ ಇಲ್ವೇನೇ ನಿಂಗೆ?"

"ನಂಗಾ? ತಾರಸಿ ಅಂಚಿಗೆ ಹೋದ್ರೇ ತಲೆ ತಿರುಗತ್ತೆ ಅತ್ತೆ. ಬಟ್ಟೆ ಕೂಡ ನಡುವಿನ ಹಗ್ಗಕ್ಕೇ ಹಾಕೋದು ನಾನು."

ಅತ್ತೆ ತುಂಬಾ ಹೊತ್ತು ಅವಳನ್ನೇ ನೋಡಿ, "ತಿರುಗ್ಲಿ ಬುಡು. ತಿರುಗಿ ತಿರುಗಿ ಒಂದು ಕಡೆ ನಿಂತ್ಕೊತದೆ," ಎಂದು ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿಕೊಂಡು ಎದ್ದಿದ್ದಳು.

*

"ಮಾಲಿನಿ, ಅಮ್ಮನ ವೋಟರ್ ಐಡಿ ಎಲ್ಲೈತೆ?" ಬಾಗಿಲಲ್ಲಿ ಭೈರೇಶ್ ನಿಂತಿದ್ದ. ಕಣ್ಣು ಕೆಂಪಗಿದ್ದರೂ ಮುಖ ಸಡಿಲಾಗಿತ್ತು. "ಮರಣ ಪತ್ರಕ್ಕೆ ನಗರಸಭೆಯೋರು ಕೇಳ್ತಾರಂತೆ." ಹೋಗುವ ಮುಂಚೆ ಅವಳ ಹೆಗಲು ಮುಟ್ಟಿದ. "ನೀನೇನೂ ಮನಸ್ಸಿಗೆ ಹಚ್ಕೋಬೇಡ. ಅಮ್ಮ ಆಸೆಪಟ್ಟು ಹೋದ್ಲು."

ಬೀರುವಿನಲ್ಲಿ ಇರಲಿಲ್ಲ. ದೇವರ ಮನೆಯ ಡಬ್ಬದಲ್ಲೂ ಇರಲಿಲ್ಲ. ಕೊನೆಗೆ ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಸೀರೆಗಳ ಕೆಳಗೆ ಕೈಗೆ ಗಟ್ಟಿಯಾದದ್ದೇನೋ ತಗುಲಿತು.

ಒಂದು ಜೊತೆ ಬೂಟು. ಪಾದದ ಗೆಣ್ಣು ಮುಚ್ಚುವಷ್ಟು ಎತ್ತರದ್ದು, ದಪ್ಪ ತಳದ್ದು, ಹೊಸದು. ಹಿಮ್ಮಡಿ ತಗಲುವಲ್ಲಿ ಒಳಗಿನ ಬಟ್ಟೆಯ ಮೇಲೆ ಒಣಗಿದ ರಕ್ತದ ಕಲೆ.

ಮಾಲಿನಿ ಎದ್ದು ಬಾಗಿಲ ಚಿಲಕ ಹಾಕಿ ಬಂದು ಕೂತಳು.

ಬೂಟಿನ ಪಕ್ಕದಲ್ಲಿ ಉಣ್ಣೆಯ ಕಾಲುಚೀಲ ಮೂರು ಜೊತೆ. ಒಂದು ಪ್ಲಾಸ್ಟಿಕ್ ಫೈಲು. ಅದರ ಮೊದಲ ಜೇಬಿನಲ್ಲೇ ವೋಟರ್ ಐಡಿ, ಅದಕ್ಕೆ ಪಿನ್ನು ಹಾಕಿದ ಚೀಟಿ: 'ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಇದೇ ಸಾಕು.' ಕೆಳಗೆ ಬೆಂಗಳೂರಿನ ಯಾವುದೋ ಚಾರಣ ಸಂಘದ ಅರ್ಜಿ. ಎವರೆಸ್ಟ್ ಬುಡದವರೆಗೆ, ಮಾರ್ಗದರ್ಶಿಯ ಜೊತೆ ಹದಿನಾರು ದಿನ, ಅಕ್ಟೋಬರ್ ೨೦೦೭. ತಯಾರಿಗೆಂದು ಅಚ್ಚು ಹಾಕಿದ ಪಟ್ಟಿ: ದಿನಾ ಮೆಟ್ಟಿಲು ಹತ್ತುವುದು, ಬೆನ್ನ ಮೇಲೆ ಎಂಟರಿಂದ ಹತ್ತು ಕಿಲೋ ಭಾರ, ವಾರಕ್ಕೊಮ್ಮೆ ಹತ್ತಿರದ ಬೆಟ್ಟ, ಬೂಟು ಕಾಲಿಗೆ ಒಗ್ಗುವವರೆಗೆ ಮೊದಲೇ ತೊಟ್ಟು ನಡೆಯುವುದು. ಒಂದೊಂದಕ್ಕೂ ಅತ್ತೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಡಾಕ್ಟರ ಸಹಿಯ ಪುಟ ಮಾತ್ರ ಖಾಲಿ ಇತ್ತು.

ರಾಗಿ ಮೀಸಲಲ್ಲ, ಭಾರ. ಬರಿಗಾಲು ಹರಕೆಗಲ್ಲ, ಬೂಟು ಕಚ್ಚಿದ ಗಾಯಕ್ಕೆ ಚಪ್ಪಲಿಯೂ ತಗಲದಿರಲೆಂದು.

'ಯಾಕೆ ಬರಲು ಬಯಸುತ್ತೀರಿ?' ಎಂಬ ಸಾಲಿನ ಮುಂದೆ ಅತ್ತೆಯ ದುಂಡು ಅಕ್ಷರ: 'ಇಪ್ಪತ್ತಾರು ವರ್ಷ ಕುರ್ಚಿಯಲ್ಲಿ ಕೂತು ಹದಿನೆಂಟು ಸಾವಿರ ಅಡಿ ಟೆಸ್ಟ್ ಮಾಡಿದ್ದೇನೆ. ಒಂದು ಸಲ ಅಲ್ಲಿ ನಿಂತು ಮುಳ್ಳು ಸರಿ ಹೇಳುತ್ತಾ ನೋಡಬೇಕು.'

ಅದರ ಕೆಳಗೆ: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? 'ಮಾಲಿನಿ.' ಸಂಬಂಧ? ಸೊಸೆ ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ ಬರೆದಿತ್ತು: 'ಗೆಳತಿ.'

ಮಾಲಿನಿ ಆ ಒಂದು ಪದವನ್ನು ಎಷ್ಟು ಹೊತ್ತು ಓದಿದಳೋ. ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

"ನಾನು ಕಣಮ್ಮ, ಗೋವಿಂದಮ್ಮ."

ಒಳಗೆ ಬಂದವಳು ತೆರೆದ ಟ್ರಂಕು ನೋಡಿ ಮಂಚದ ಅಂಚಿಗೆ ಕೂತಳು. ಟ್ರಂಕಿನ ಸೀರೆಯ ಮಡಿಕೆಯೊಳಗೆ ಕೈ ಹಾಕಿ, ಅಂಗೈ ಅಗಲದ ಒಂದು ದುಂಡನೆಯ ಮೀಟರನ್ನು ಎತ್ತಿದಳು. ಗಾಜಿನ ಅಂಚಿನಲ್ಲಿ ಸಣ್ಣ ಬಿರುಕು. "ರಿಜೆಕ್ಟ್ ಪೀಸು. ಅವ್ಳು ರಿಟೈರಾದ ದಿನ ಸೂಪರ್‌ವೈಸರ್ ಕೊಟ್ಟಿದ್ದ. ಇದನ್ನೇ ತಟ್ತಿದ್ದದ್ದು."

"ನಿಮಗೆ ಎಲ್ಲಾ ಗೊತ್ತಿತ್ತಾ?"

"ಅಕ್ಟೋಬರ್‌ಗೆ ಮುಂಚೆ ಮಗನ ಹತ್ರ ಹೇಳ್ತೀನಿ ಅಂದಿದ್ಲು. ಡಾಕ್ಟರ್ ಹತ್ರ ಹೋಗೇ ಅಂದ್ರೆ, ಬೇಡ ಅಂದ್ಬುಟ್ರೆ ಏನ್ ಮಾಡ್ಲಿ ಅಂತಿದ್ಲು." ಗೋವಿಂದಮ್ಮನ ಕಣ್ಣು ತುಂಬಿತು. "ಹೊರಗಡೆ ಏನೇನೋ ಮಾತಾಡ್ತವ್ರೆ. ಎಲ್ಲಾ ನಿನ್ ತಲೆ ಮೇಲೆ. ಈ ಕಾಗದ ತೋರ್ಸು, ಎಲ್ರ ಬಾಯೂ ಮುಚ್ಕೊತದೆ."

ಮಾಲಿನಿಗೆ ಅದು ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚುವುದು ನಿಜ. ಅರ್ಧ ಗಂಟೆ. ಆಮೇಲೆ, 'ಐವತ್ತೆಂಟರ ಮುದುಕಿ, ಗಂಡನಿಲ್ಲದೋಳು, ಬೂಟು ಹಾಕ್ಕೊಂಡು ಪರದೇಶದ ಬೆಟ್ಟಕ್ಕೆ ಹೊಂಟಿದ್ಲಂತೆ' ಎಂದು ನಗುತ್ತಾರೆ. ಹನ್ನೊಂದನೆಯ ದಿನ ಎಡೆ ಇಡುವಾಗಲೂ ನಗುತ್ತಾರೆ. ಭೈರೇಶನ ಕಣ್ಣು ಮತ್ತೆ ಒಣಗುತ್ತದೆ. ತೋರಿಸದಿದ್ದರೆ? ಬದುಕಿರುವವರೆಗೆ ಅತ್ತೆಯನ್ನು ಬೆಟ್ಟಕ್ಕೆ ಕಳಿಸಿ ಕೊಂದ ಸೊಸೆ.

*

ತಮಟೆ ಶುರುವಾಗಿತ್ತು. ಪೆಟ್ಟಿಗೆ ಬಾಡಿಗೆಯವನು, "ಟೈಮ್ ಆಚಿಮ್ಮಾ, ಎಡುತ್ತುಡಲಾಮಾ?" ಎಂದು ಪೆಟ್ಟಿಗೆ ಎತ್ತಲು ತಮಿಳಿನಲ್ಲಿ ಅಪ್ಪಣೆ ಕೇಳಿ ವೈರು ಸುತ್ತಿಕೊಂಡ. ತವರಿನ ಸೀರೆ ಉಡಿಸಿ, ಬಾಯಿಗೆ ಅಕ್ಕಿ ಹಾಕಿದ್ದಾಯಿತು. ಚಟ್ಟ ಎತ್ತಲು ಬಗ್ಗಿದವರನ್ನು ಮುತ್ತರಾಯಪ್ಪ ಕೈಯೆತ್ತಿ ತಡೆದ.

"ಒಂದ್ ಮಾತು. ಹರಕೆ ಅರ್ಧಕ್ಕೆ ನಿಂತೈತೆ. ಹೊತ್ತೋಳು ಬಾಕಿ ಇಟ್ಕಂಡು ಮಣ್ಣಿಗೆ ಹೋಗ್ಬಾರ್ದು. ಯಾರು ತೀರಿಸ್ತೀರ, ಈಗ್ಲೇ ಅವ್ಳ ಮುಂದೆ ಹೇಳ್ಬುಡಿ."

"ನಾನೇ ಹೋಯ್ತೀನಿ ಮಾವ," ಎಂದ ಭೈರೇಶ್.

"ನೀನ್ ಯಾಕ್ಲಾ?" ಮುನಿವೆಂಕಟಮ್ಮ ಮಾಲಿನಿಯ ಕಡೆ ತಿರುಗಿದಳು. "ಯಾರಿಗೋಸ್ಕರ ಹತ್ತಿದ್ಲೋ ಅವ್ರು ಹತ್ಲಿ."

ತಮಟೆಯವರೂ ಕೋಲು ತಡೆದರು. ಗೋವಿಂದಮ್ಮ ಗೋಡೆಗೊರಗಿ ಮಾಲಿನಿಯನ್ನೇ ನೋಡುತ್ತಿದ್ದಳು. ಮಾಲಿನಿಯ ಮಡಿಲ ಸೆರಗಿನೊಳಗೆ ಮೀಟರು ತಣ್ಣಗೆ ಹೊಟ್ಟೆಗೆ ಒತ್ತುತ್ತಿತ್ತು.

"ನಾನು ಹೋಗ್ತೀನಿ," ಎಂದಳು.

"ಯಾವ ದೇವ್ರಿಗೆ ಅಂತನಾದ್ರೂ ಗೊತ್ತೇನಮ್ಮ?"

"ಗೊತ್ತು ದೊಡ್ಡತ್ತೆ. ಸ್ವಲ್ಪ ದೂರ ಐತೆ."

"ರಾಯಕೋಟೆ ಏನ್ ದೂರ? ಒಂದು ಬಸ್ಸು."

"ಅಲ್ಲಿಂದ ಶುರು," ಎಂದಳು ಮಾಲಿನಿ.

ಮುನಿವೆಂಕಟಮ್ಮನ ಮುಖ ಕರಗಿತು. ಬಂದು ಮಾಲಿನಿಯ ಕೆನ್ನೆ ಸವರಿ ನೆಟಿಕೆ ಮುರಿದಳು. ತಮಟೆ ಮತ್ತೆ ಎದ್ದಿತು.

ಹೆಂಗಸರು ಮಣ್ಣಿಗೆ ಹೋಗುವ ಹಾಗಿರಲಿಲ್ಲ. ಮೆರವಣಿಗೆ ಬೀದಿಯ ತಿರುವಿನಲ್ಲಿ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಮತ್ತೆ ಎತ್ತಿದ್ದು ಕಾಣಿಸಿತು. ಉಳಿದವರು ಮನೆ ತೊಳೆಯಲು ನೀರು ಸುರಿಯುವಾಗ ಮಾಲಿನಿ ಬಾಗಿಲ ಬಳಿ, ತಾರಸಿಗೆ ಹೋಗುವ ಮೊದಲ ಮೆಟ್ಟಿಲಲ್ಲಿ ನಿಂತು ಮೀಟರು ಹೊರತೆಗೆದಳು. ಎರಡು ಸಲ ತಟ್ಟಿ ಮುಳ್ಳು ಎಲ್ಲಿದೆ ಎಂದು ನೋಡಿಕೊಂಡಳು. ಆಮೇಲೆ ಹತ್ತಿದಳು.

ತಾರಸಿಯ ಮೂಲೆಯಲ್ಲಿ ಒಣಗಲು ಹರಡಿದ ಹಳೆಯ ಸೀರೆ ಇನ್ನೂ ಇತ್ತು. ಅದರ ಮೇಲೆ ನಾಲ್ಕು ಕಾಳು ರಾಗಿ. ಕೆಳಗಿನಿಂದ ಗೋವಿಂದಮ್ಮನ ದನಿ ಕೇಳಿತು: "ಮಾಲಿನೀ, ಟ್ರಂಕಲ್ಲಿ ಐಡಿ ಸಿಕ್ತಾ ಅಂತ ನಿಮ್ ದೊಡ್ಡತ್ತೆ ಕೇಳ್ತವ್ರೆ. ಇನ್ನೇನಾದ್ರೂ ಸಿಕ್ತಾ ಅಂತಾನೂ."

"ಐಡಿ ಸಿಕ್ತು," ಎಂದು ಮಾಲಿನಿ ಕೂಗಿ ಹೇಳಿದಳು. "ಇನ್ನೇನೂ ಇಲ್ಲ."

ಗಂಡನಿಗೂ ಅಷ್ಟೇ ಹೇಳುವಳು. ಇವತ್ತು, ನಾಳೆ, ಯಾವತ್ತೂ.

ಅವಳು ನಡುವಿನ ಹಗ್ಗ ದಾಟಿ ಅಂಚಿನವರೆಗೆ ನಡೆದಳು. ತಲೆ ತಿರುಗಿತು. ತಿರುಗಲು ಬಿಟ್ಟಳು. ಅಂಗೈಯಲ್ಲಿ ಮುಳ್ಳು ಕೆಳಗೆ ಮೆಟ್ಟಿಲಲ್ಲಿ ತೋರಿಸಿದಲ್ಲೇ ಇತ್ತು, ಒಂದು ಕೂದಲೆಳೆಯೂ ಸರಿದಿರಲಿಲ್ಲ. ಬಿರುಕು ತಪ್ಪಿಸಿ ಉಗುರಿನಿಂದ ತಟ್ಟಿದಳು. ಟಕ್, ಟಕ್.

ಮುಳ್ಳು ನಡುಗಿ, ಒಂದು ಗೆರೆ ಮೇಲಕ್ಕೆ ಹೋಗಿ ನಿಂತಿತು.